ಬಾಯಿ ತೆರೆದಾಗ ಕೇಳಬೇಕಾದ ಮಾತು

"ಹಲ್ಲ ಬ್ಯಾನಿ ತಡ್ಕೊಳ್ಳಾಕ ಆಗವಲ್ದ್ರಿ, ಕಿತ್ತ ಬಿಡ್ರಿ."

ಶಹಾಪುರ, ಸುರಪುರದ ತಾಲ್ಲೂಕು ಆಸ್ಪತ್ರೆಗಳಲ್ಲಾಗಲಿ, ಯಾದಗಿರಿಯ ಜಿಲ್ಲಾ ಆಸ್ಪತ್ರೆಯಲ್ಲಾಗಲಿ, ದಂತವೈದ್ಯರ ಕಿವಿಗೆ ದಿನಾ ಬೀಳುವ ಮಾತಿದು. ಹೊಲದ ಕೆಲಸ ಬಿಟ್ಟು, ಬಸ್ಸಿಗೆ ಕಾದು, ಚೀಟಿ ಮಾಡಿಸಿ, ಪಾಳಿಯಲ್ಲಿ ನಿಂತು ಒಳಗೆ ಬಂದವರಿಗೆ ಬೇರೇನೂ ಬೇಡ. ನೋವು ಹೋಗಬೇಕು, ಊರಿನ ಬಸ್ಸು ತಪ್ಪಬಾರದು. ವೈದ್ಯರಿಗೂ ಬಾಗಿಲಾಚೆ ಕಾಯುತ್ತಿರುವ ಮಂದಿಯದೇ ಚಿಂತೆ. ಆದರೂ ಆ ಕುರ್ಚಿಯ ಮೇಲೆ ಮನುಷ್ಯ ಬಾಯಿ ತೆರೆದು ಕೂತಿರುವ ಕೆಲವು ನಿಮಿಷಗಳಿವೆಯಲ್ಲ, ಈ ಭಾಗದಲ್ಲಿ ತಂಬಾಕು ಬಿಡಿಸುವ ಮಾತು ತೆಗೆಯಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಭಾಷಣ ಮಾಡುವ ಅಗತ್ಯವಿಲ್ಲ. ಸರಿಯಾಗಿ ಕೇಳಬೇಕು, ಕಂಡದ್ದನ್ನು ತೋರಿಸಬೇಕು, ಮತ್ತೆ ಕರೆಯಬೇಕು. ರಕ್ತದೊತ್ತಡಕ್ಕೆ, ಸಕ್ಕರೆ ಕಾಯಿಲೆಗೆ ಹೇಗೆ ಚಿಕಿತ್ಸೆ ಬರೆಯುತ್ತಾರೋ ತಂಬಾಕಿಗೂ ಹಾಗೆಯೇ ಬರೆಯಬೇಕು.

ಮೊದಲು ಕೇಳುವುದರಲ್ಲೇ ತಪ್ಪುತ್ತದೆ. "ಸ್ಮೋಕ್ ಮಾಡ್ತೀರಾ?" ಎಂದರೆ "ಇಲ್ರೀ" ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಆತ ಬೀಡಿ ಮುಟ್ಟಿದವನಲ್ಲ. ಆದರೆ ಅಂಗಿಯ ಜೇಬಿನಲ್ಲಿ ತಂಬಾಕಿನ ಚೀಟಿಯೂ ಸುಣ್ಣದ ಡಬ್ಬಿಯೂ ಇವೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಮಂದಿ ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಾರೆ. ಸೇದುವವರು ಶೇ 8.8. ಬಾಯಲ್ಲಿ ಇಟ್ಟುಕೊಳ್ಳುವ, ಅಗಿಯುವ, ಹಲ್ಲಿಗೆ ತಿಕ್ಕುವವರು ಶೇ 16.3, ಹೆಚ್ಚುಕಡಿಮೆ ಎರಡು ಪಟ್ಟು. ಅಂದರೆ ಸೇದುವುದನ್ನಷ್ಟೇ ಕೇಳಿದ ವೈದ್ಯರು ದೊಡ್ಡ ಪಾಲನ್ನು ಕೈಬಿಟ್ಟಂತೆ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿಯಿದೆ. ಇದನ್ನು ಪ್ರತಿ ಹೊರರೋಗಿ ವಿಭಾಗದ ಗೋಡೆಗೂ ಬರೆದು ಹಾಕಬೇಕು. ದೇಶದಲ್ಲಿ ಹಿಂದಿನ ಒಂದು ವರ್ಷದಲ್ಲಿ ಆಸ್ಪತ್ರೆಗೆ ಹೋಗಿದ್ದ ಸೇದುವವರಲ್ಲಿ ಶೇ 48.8 ಮಂದಿಗೆ 'ಬಿಡಿ' ಎಂದು ಯಾರಾದರೂ ವೈದ್ಯರೋ ಆರೋಗ್ಯ ಸಿಬ್ಬಂದಿಯೋ ಹೇಳಿದ್ದರು. ಅಗಿಯುವವರಲ್ಲಿ ಈ ಮಾತು ಕೇಳಿಸಿಕೊಂಡವರು ಶೇ 31.7 ಮಾತ್ರ. ಹೊಗೆ ಕಣ್ಣಿಗೆ ಕಾಣುತ್ತದೆ, ವಾಸನೆ ಬರುತ್ತದೆ. ಕೆನ್ನೆಯೊಳಗಿನ ಉಂಡೆ ಕಾಣುವುದಿಲ್ಲ. ಅದನ್ನು ಕಾಣುವ ಅವಕಾಶ ದಂತವೈದ್ಯರಿಗಿದ್ದಷ್ಟು ಬೇರೆ ಯಾರಿಗೂ ಇಲ್ಲ.

ಆದ್ದರಿಂದ ಹೆಸರು ಹಿಡಿದೇ ಕೇಳಬೇಕು. "ತಂಬಾಕ ತಿಕ್ಕತೀರೇನು? ಗುಟ್ಕಾ? ಮಾವಾ? ಎಲಿ ಅಡಕಿ ಜೋಡಿ ತಂಬಾಕ ಹಾಕ್ಕೋತೀರೇನು? ಬೀಡಿ? ನಶ್ಯ?" ಹೆಂಗಸರನ್ನು ಕೇಳದೆ ಬಿಡುವುದು ಇನ್ನೂ ದೊಡ್ಡ ತಪ್ಪು. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು, ನಾಟಿ ಮಾಡಲು ಬೆಳಕು ಹರಿಯುವ ಮುಂಚೆ ಹೊರಡುವ ಹೆಣ್ಣುಮಕ್ಕಳಲ್ಲಿ ಎಲೆ ಅಡಿಕೆಯ ಚಂಚಿ ಸೊಂಟದಲ್ಲಿ ಇರುವವರು ಇದ್ದಾರೆ. "ನಾ ಚಟದಾಕಿ ಅಲ್ಲ, ಉಂಡ ಮ್ಯಾಲ ಎಲಿ ಅಡಕಿ ಅಷ್ಟ" ಎನ್ನುವವರಿಗೆ, ಅದರಲ್ಲಿ ತಂಬಾಕಿನ ಎಸಳು ಇರುತ್ತದೆಯೇ ಎಂದು ಇನ್ನೊಂದು ಪ್ರಶ್ನೆ ಕೇಳಬೇಕು. ಹುರಿದು ಪುಡಿ ಮಾಡಿದ ತಂಬಾಕನ್ನು, ಮಿಶ್ರಿಯನ್ನು, ಹಲ್ಲಿಗೆ ತಿಕ್ಕುವವರು ಅದನ್ನು ಹಲ್ಲುಪುಡಿ ಎಂದೇ ತಿಳಿದಿರುತ್ತಾರೆ. ಎಷ್ಟೋ ಮಂದಿಗೆ ಚಟ ಶುರುವಾದದ್ದೇ ಹಲ್ಲುನೋವಿನಿಂದ: ನೋಯುವ ಹಲ್ಲಿನ ಬುಡದಲ್ಲಿ ಚಿಟಿಕೆ ತಂಬಾಕು ಇಟ್ಟರೆ ಸ್ವಲ್ಪ ಹೊತ್ತು ನೋವು ಮರೆಸುತ್ತದೆ ಎಂದು ಹಿರಿಯರು ಹೇಳಿದ್ದು, ಆಮೇಲೆ ನೋವಿಲ್ಲದಾಗಲೂ ಕೈ ಅಲ್ಲಿಗೇ ಹೋದದ್ದು. ಟೂತ್‌ಪೇಸ್ಟ್, ಹಲ್ಲುಪುಡಿಗಳಲ್ಲಿ ತಂಬಾಕು ಸೇರಿಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಮನೆಯಲ್ಲಿ ಹೆಂಚಿನ ಮೇಲೆ ಹುರಿಯುವುದನ್ನು ಯಾವ ಕಾನೂನೂ ಮುಟ್ಟುವುದಿಲ್ಲ. ಅಲ್ಲಿಗೆ ತಲುಪುವುದು ಆಶಾ ಕಾರ್ಯಕರ್ತೆ ಮಾತ್ರ.

ಕೇಳಿದ ಮೇಲೆ ತೋರಿಸುವುದು. ಇದು ಎರಡು ನಿಮಿಷದ ಕೆಲಸ. ಅಂಗೈಯಲ್ಲಿ ತಂಬಾಕು, ಸುಣ್ಣ ಹಾಕಿ ಹೆಬ್ಬೆರಳಿನಿಂದ ತಿಕ್ಕಿ, ತಟ್ಟಿ, ಕೆಳದುಟಿಯ ಒಳಗೋ ದವಡೆಯ ಸಂದಿಯಲ್ಲೋ ಇಡುವವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಇಡುತ್ತಾರೆ. ಸುಣ್ಣವೇ ತಂಬಾಕಿನ ನಿಕೋಟಿನ್ನನ್ನು ಬಿಡಿಸಿ ಬಾಯಿಯ ತೊಗಲಿನ ಮೂಲಕ ರಕ್ತಕ್ಕೆ ಬೇಗ ದಾಟಿಸುವುದು, ಆ ತೊಗಲನ್ನು ಸುಡುವುದೂ ಅದೇ. ದಂತವೈದ್ಯರು ತುಟಿ ಕೆಳಗೆಳೆದರೆ ಅಲ್ಲಿ ಬೆಳ್ಳಗೆ, ಒರಟಾಗಿ, ನೆರಿಗೆ ಬಿದ್ದ ತೊಗಲು ಕಾಣುತ್ತದೆ. ರೋಗಿಯ ಕೈಗೆ ಒಂದು ಕನ್ನಡಿ ಕೊಟ್ಟು, ಬೆಳಕು ಬಿಟ್ಟು, "ಇಲ್ಲೇ ಇಡ್ತೀರಲ್ಲ? ಈ ಕಡಿ ನೋಡ್ರಿ, ಆ ಕಡಿ ನೋಡ್ರಿ" ಎನ್ನಬೇಕು. ಎರಡೂ ಕೆನ್ನೆಯನ್ನು ಹೋಲಿಸಿ ನೋಡಿದ ಮನುಷ್ಯನಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.8, ರಾಜ್ಯದಲ್ಲೇ ಕಡಿಮೆ. ಕರಪತ್ರ ಹಂಚಿ ಕೈತೊಳೆದುಕೊಂಡರೆ ಅರ್ಧ ಊರಿಗೆ ಅದು ತಲುಪಿದಂತಾಗುವುದಿಲ್ಲ. ತಂಬಾಕಿನ ಪೊಟ್ಟಣದ ಶೇ 85 ಭಾಗವನ್ನು ಆವರಿಸುವ ಕ್ಯಾನ್ಸರ್ ಚಿತ್ರವನ್ನು ಜನ ನೋಡಿ ನೋಡಿ ಅಭ್ಯಾಸವಾಗಿದೆ, ಅದು ಯಾರದೋ ಬಾಯಿ. ಕನ್ನಡಿಯಲ್ಲಿ ಕಾಣುವುದು ತನ್ನದು.

ಅಲ್ಲಿ ಹೇಳಬೇಕಾದ ಒಳ್ಳೆಯ ಸುದ್ದಿಯೂ ಇದೆ, ಅದನ್ನು ಮರೆಯಬಾರದು. ಉಂಡೆ ಇಡುವ ಜಾಗದ ಬಿಳಿ ಕಲೆಗಳಲ್ಲಿ ಬಹಳಷ್ಟು, ತಂಬಾಕು ನಿಲ್ಲಿಸಿದ ಕೆಲವೇ ವಾರಗಳಲ್ಲಿ ತಿಳಿಯಾಗುತ್ತವೆ. ಎರಡು ವಾರವಾದರೂ ಹೋಗದ ಕಲೆ, ಕೆಂಪು ಮಚ್ಚೆ, ಮಾಯದ ಹುಣ್ಣು ಇದ್ದರೆ ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಕೇಂದ್ರವಿದೆ, ಇಲ್ಲಿಯವರು ಬೆಂಗಳೂರಿಗೇ ಹೋಗಬೇಕೆಂದಿಲ್ಲ.

ಅಡಿಕೆಯ ಮಾತು ಬೇರೆ. "ತಂಬಾಕ ಬಿಟ್ಟೀನ್ರಿ, ಈಗ ಬರೇ ಪಾನ್ ಮಸಾಲಾ" ಎಂದು ಹೆಮ್ಮೆಯಿಂದ ಹೇಳುವ ಹುಡುಗರಿದ್ದಾರೆ. ಅಡಿಕೆಯೊಂದೇ ಸಾಕು, ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯದಂತಾಗುತ್ತದೆ. ಮೂರು ಬೆರಳು ಜೋಡಿಸಿ ಬಾಯೊಳಗೆ ನಿಲ್ಲಿಸಲು ಹೇಳಿ ನೋಡಬೇಕು. ಎರಡೇ ಹೋದರೆ ರೋಗ ಶುರುವಾಗಿದೆ ಎಂಬ ಅನುಮಾನಕ್ಕೆ ಅಷ್ಟು ಸಾಕು. ಖಾರ ತಾಗಿದರೆ ಉರಿ, ರೊಟ್ಟಿ ತುತ್ತು ಒಳಗಿಡಲು ಕಷ್ಟ. ನಾರುಗಟ್ಟಿದ ಬಾಯಿ ಪೂರ್ತಿ ಮೊದಲಿನಂತಾಗುವುದಿಲ್ಲ, ಬಿಟ್ಟರೆ ಮುಂದಕ್ಕೆ ಹೋಗದಂತೆ ತಡೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ತೀರ್ಮಾನಿಸಿತು. ಕರ್ನಾಟಕ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧಿಸಿದ ಮೇಲೆ ಅಂಗಡಿಗಳಲ್ಲಿ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ನೇತಾಡಿದವು. ಕೊಂಡವರು ಬಾಯಲ್ಲಿ ಕೂಡಿಸಿಕೊಂಡರು. ರಾಜ್ಯದ ತಿದ್ದುಪಡಿ ಕಾನೂನು 2025ರಲ್ಲಿ ಜಾರಿಯಾಗಿ, ತಂಬಾಕು ಕೊಳ್ಳುವ ವಯಸ್ಸು 21ಕ್ಕೆ ಏರಿದೆ. ಕಾನೂನು ಬೇಕು, ಆದರೆ ಇಪ್ಪತ್ತು ವರ್ಷದಿಂದ ಹಾಕಿಕೊಳ್ಳುತ್ತಿರುವವನಿಗೆ ಅದರಿಂದ ನೆರವಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಶಹಾಪುರ, ಸುರಪುರದ ಸಗರನಾಡು ಒಂದು ಕಾಲಕ್ಕೆ ವಿಜಯಪುರದ ಆದಿಲಶಾಹಿಗಳ ಸೀಮೆ. ಹದಿನೇಳನೆಯ ಶತಮಾನ ಶುರುವಾದ ಹೊತ್ತಿನಲ್ಲಿ ಆ ವಿಜಯಪುರಕ್ಕೆ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್, ಉತ್ತರದಲ್ಲಿ ತಾನು ಕಂಡಿರದ ತಂಬಾಕನ್ನು ಇಲ್ಲಿ ಕಂಡು, ಚೆಂದದ ಕೊಳವೆಯೊಂದನ್ನು ಮಾಡಿಸಿ, ಅಕ್ಬರನ ಮುಂದೆ ಕಾಣಿಕೆಯಾಗಿ ಇಟ್ಟ. ಅದನ್ನು ಆತನೇ ಬರೆದಿಟ್ಟಿದ್ದಾನೆ. ಬಾದಶಹ ಕುತೂಹಲಕ್ಕೆ ಸೇದಿದ. ಆಸ್ಥಾನದ ಹಕೀಮ ತಡೆದ: ಈ ಗಿಡದ ಗುಣ ನಮ್ಮ ಯಾವ ಗ್ರಂಥದಲ್ಲೂ ಇಲ್ಲ, ಗೊತ್ತಿಲ್ಲದ್ದನ್ನು ಪ್ರಭುಗಳಿಗೆ ಹೇಗೆ ಕೊಡುವುದು? ಅಸದ್ ಬೇಗ್ ವಾದಕ್ಕೆ ನಿಂತ. ಅಕ್ಬರ್ ಮಾತ್ರ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ. ಆಸ್ಥಾನಿಕರು ಮಾಡಿಕೊಂಡರು, ವ್ಯಾಪಾರಿಗಳು ಮಾರತೊಡಗಿದರು. ಮುಂದೆ 1617ರಲ್ಲಿ ಜಹಾಂಗೀರ್ ನಿಷೇಧಿಸಿದರೂ ನಿಲ್ಲಲಿಲ್ಲ. ಈ ಕಥೆ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಹಕೀಮನಿಂದಾಗಿ. ಎದುರಿಗೆ ಕೂತು ನೇರವಾಗಿ 'ಬೇಡ' ಎಂದ ವೈದ್ಯ ಅಕ್ಬರನಿಗೊಬ್ಬನಿದ್ದ. ನಮ್ಮ ಹಳ್ಳಿಗಳ ಎಷ್ಟೋ ಮಂದಿಗೆ ಇಡೀ ಆಯುಷ್ಯದಲ್ಲಿ ಅಂಥವರು ಸಿಗುವುದಿಲ್ಲ.

ಒಂದು ಮಾತಿನಿಂದ ಏನಾದೀತು ಎಂದು ದಣಿದ ವೈದ್ಯರು ಕೇಳುತ್ತಾರೆ. ಲಂಡನ್ನಿನಲ್ಲಿ ಮೈಕೆಲ್ ರಸೆಲ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೇ ಉತ್ತರ ಹುಡುಕಿತ್ತು. 28 ಸಾಮಾನ್ಯ ವೈದ್ಯರು, ಅವರ ಬಳಿ ಬಂದ 2,138 ಸೇದುವವರು. ಒಂದೆರಡು ನಿಮಿಷ ಗಟ್ಟಿಯಾಗಿ 'ಬಿಡಿ' ಎಂದು ಹೇಳಿ, ಚಿಕ್ಕ ಕೈಪಿಡಿ ಕೊಟ್ಟು, ಮತ್ತೆ ವಿಚಾರಿಸುತ್ತೇವೆ ಎಂದು ತಿಳಿಸಿದವರಲ್ಲಿ ಶೇ 5.1 ಮಂದಿ ಒಂದು ವರ್ಷದ ಮೇಲೂ ಬಿಟ್ಟೇ ಇದ್ದರು. ಏನೂ ಹೇಳದವರಲ್ಲಿ ಇದು ಶೇ 0.3. ನೂರಕ್ಕೆ ಐದು ಕಡಿಮೆ ಎನಿಸಬಹುದು. ಆದರೆ ಒಬ್ಬ ತಾಲ್ಲೂಕು ವೈದ್ಯರು ವರ್ಷಕ್ಕೆ ನೋಡುವ ತಂಬಾಕಿನವರು ಎಷ್ಟು ಸಾವಿರ? ಅದರಲ್ಲಿ ಸ್ವಲ್ಪ ಭಾಗವಾದರೂ ಬಾಯಿಯ ಶಸ್ತ್ರಚಿಕಿತ್ಸೆಯ ಮೇಜಿನಿಂದ ಉಳಿದರೆ, ಅದೇ ವೈದ್ಯರು ಅದೇ ವರ್ಷ ಮಾಡಿದ ಬೇರೆ ಯಾವ ಕೆಲಸವೂ ಅದಕ್ಕೆ ಸಮನಾಗದು. ಆ ಅಧ್ಯಯನದಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಬರೀ ಮಾತು ಹೇಳಿ ಬಿಟ್ಟ ಕಡೆ ಫಲ ಕಡಿಮೆ. 'ಮತ್ತೆ ವಿಚಾರಿಸುತ್ತೇವೆ' ಎಂಬುದು ಸೇರಿದಾಗ ಹೆಚ್ಚು.

ಈಗ ಹಲ್ಲು ಕೀಳುವ ದಿನಕ್ಕೆ ಬರೋಣ. ಹಲ್ಲು ಕಿತ್ತ ಮೇಲೆ ಎಲ್ಲ ದಂತವೈದ್ಯರೂ ಹೇಳುವುದುಂಟು: ಅರಳೆ ಕಚ್ಚಿಕೊಳ್ಳಿ, ಉಗುಳಬೇಡಿ, ಎರಡು ದಿನ ತಂಬಾಕು, ಬೀಡಿ ಮುಟ್ಟಬೇಡಿ. ಮುಟ್ಟಿದರೆ ಹೆಪ್ಪುಗಟ್ಟಿದ ರಕ್ತ ಕಿತ್ತುಹೋಗಿ ಗಾಯ ಮಾಯುವುದಿಲ್ಲ, ಕಿವಿಯವರೆಗೆ ಸಿಡಿಯುವ ನೋವು. ಆ ಹೆದರಿಕೆಗೆ ಬಹಳಷ್ಟು ಮಂದಿ ಎರಡು ದಿನ ನಿಜವಾಗಿಯೂ ಮುಟ್ಟುವುದಿಲ್ಲ. ನಿಕೋಟಿನ್ ಬಿಟ್ಟವರಿಗೆ ಅತ್ಯಂತ ಕಷ್ಟದ ದಿನಗಳು ಯಾವುವು? ಮೊದಲ ಎರಡು ಮೂರು. ಸಿಟ್ಟು, ಚಡಪಡಿಕೆ, ನಿದ್ದೆಗೆಡುವುದು ಎಲ್ಲ ಆಗಲೇ ತಾರಕಕ್ಕೆ ಏರಿ, ಆಮೇಲೆ ಮೂರು ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಅಂದರೆ ಹಲ್ಲು ಕೀಳಿಸಿದವನು ಗೊತ್ತಿಲ್ಲದೆಯೇ ಆ ಕಡಿದಾದ ಏರನ್ನು ಹತ್ತಿಬಿಟ್ಟಿರುತ್ತಾನೆ. ಮೂರನೆಯ ದಿನ ಯಾರಾದರೂ ಆತನಿಗೆ "ಎರಡ ದಿನ ಇದ್ರಲ್ಲ, ಇನ್ನ ಮ್ಯಾಲ ಯಾಕ ಮುಟ್ಟತೀರಿ?" ಎಂದು ಹೇಳಬೇಕು. ನಮ್ಮಲ್ಲಿ ಹೇಳುವವರಿಲ್ಲ. ಗಾಯ ನೋಡಲು ಮೂರನೆಯ ದಿನ ಬರಹೇಳಿ, ಬರಲಾಗದವರಿಗೆ ಒಂದು ಫೋನು ಮಾಡಿದರೆ ಸಾಕು. ಇದಕ್ಕೆ ಹೊಸ ಯೋಜನೆ, ಹೊಸ ಅನುದಾನ ಯಾವುದೂ ಬೇಡ.

ಬಿಡಲು ಹೊರಟವರಿಗೆ ಎದುರಾಗುವ ತೊಡಕುಗಳನ್ನು ವೈದ್ಯರು ಮೊದಲೇ ಹೇಳಿಟ್ಟರೆ ಅರ್ಧ ಗೆದ್ದಂತೆ. ಈ ಭಾಗದಲ್ಲಿ ಮತ್ತೆ ಮತ್ತೆ ಕೇಳಿಬರುವುದು ಒಂದು: "ಮುಂಜಾನಿ ತಂಬಾಕ ಹಾಕ್ಕೊಳ್ಳದಿದ್ರ ಹೊರಕಡಿ ಆಗಂಗಿಲ್ರಿ." ನಾಚಿಕೆಯಿಂದ ಹೇಳುವ ಈ ಮಾತನ್ನು ಕೇಳಿ ನಗಬಾರದು. ನಿಕೋಟಿನ್ ಕರುಳನ್ನು ಚುರುಕುಗೊಳಿಸುತ್ತದೆ, ಬಿಟ್ಟಾಗ ಕೆಲವು ದಿನ ಮಲಬದ್ಧತೆ ನಿಜವಾಗಿಯೂ ಆಗುತ್ತದೆ. ಎದ್ದ ಕೂಡಲೇ ದೊಡ್ಡ ಲೋಟ ಬಿಸಿನೀರು, ಊಟದಲ್ಲಿ ಸೊಪ್ಪಿನ ಪಲ್ಯ, ಬೇಕಾದರೆ ಒಂದು ವಾರದ ಮಟ್ಟಿಗೆ ಔಷಧ. ಇದಿಷ್ಟನ್ನು ಹೇಳದ ಕಾರಣಕ್ಕೇ ನಾಲ್ಕನೆಯ ದಿನ ಮತ್ತೆ ಶುರು ಮಾಡಿದವರು ಎಷ್ಟಿಲ್ಲ? ಎರಡನೆಯ ತೊಡಕು ಊಟವಾದ ಮೇಲಿನದು, ಮೂರನೆಯದು ಗೆಳೆಯರ ಅಂಗೈ. ಚಪಲ ಬಂದರೆ ಸಾಮಾನ್ಯವಾಗಿ ಐದು ನಿಮಿಷ ಕಾಡುತ್ತದೆ. ಆ ಐದು ನಿಮಿಷಕ್ಕೆ ಬಡೇಸೋಪು, ಲವಂಗ, ಯಾಲಕ್ಕಿ, ಹುರಿದ ಶೇಂಗಾ, ಒಣಗಿಸಿದ ನೆಲ್ಲಿಕಾಯಿ ಕಿಸೆಯಲ್ಲಿರಬೇಕು. ಅಡಿಕೆ ಮಾತ್ರ ಇರಬಾರದು.

ಔಷಧವೂ ಇದೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದೇ ಇಲ್ಲ. ಎರಡು ಮಿಲಿಗ್ರಾಂನ ನಿಕೋಟಿನ್ ಗಮ್ ಔಷಧ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ತಂಬಾಕು ಬೇಕೇಬೇಕು ಎನ್ನುವವರಿಗೆ ವೈದ್ಯರು ನಾಲ್ಕು ಮಿಲಿಗ್ರಾಂ ಬರೆಯಬೇಕಾಗುತ್ತದೆ. ಅದನ್ನು ಬಬಲ್‌ಗಮ್ ಹಾಗೆ ಅಗಿಯುತ್ತಲೇ ಇದ್ದರೆ ಬಿಕ್ಕಳಿಕೆ, ಎದೆಯುರಿ. ಖಾರದ ಜುಮುಗುಡಿಕೆ ಬರುವ ತನಕ ಅಗಿದು, ಕೆನ್ನೆಯ ಸಂದಿಗೆ ಸರಿಸಿ ಇಟ್ಟುಕೊಂಡು, ಸಪ್ಪಗಾದ ಮೇಲೆ ಮತ್ತೆ ಅಗಿಯಬೇಕು. ಮುಂಚಿನ ಕಾಲು ಗಂಟೆ ಚಹಾ ಕುಡಿಯಬಾರದು. ಬಾಯಿ ತೆರೆಯಲಾಗದ ನಾರುಗಟ್ಟಿದವರಿಗೆ ಗಮ್ ಆಗದು, ಚರ್ಮಕ್ಕೆ ಅಂಟಿಸುವ ಪಟ್ಟಿ ಇದೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಜುಲೈನಲ್ಲಿ ವಯಸ್ಕರ ತಂಬಾಕು ಬಿಡಿಸುವ ಚಿಕಿತ್ಸೆಗೆ ತನ್ನ ಮೊದಲ ಮಾರ್ಗಸೂಚಿ ಹೊರಡಿಸಿತು. ಅಗಿಯುವವರಿಗೂ ನಿಕೋಟಿನ್ ಬದಲಿ ಚಿಕಿತ್ಸೆ ಅಥವಾ ವಾರೆನಿಕ್ಲಿನ್ ಮಾತ್ರೆ ಕೊಡಬಹುದು ಎಂದು ಅದು ಹೇಳುತ್ತದೆ, ಆದರೆ ಆಪ್ತ ಸಮಾಲೋಚನೆಯ ಜೊತೆಗೆ. ನಮ್ಮ ದೇಶದ ಅತ್ಯಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಗೆ ನಿಕೋಟಿನ್ ಬದಲಿ ಚಿಕಿತ್ಸೆ 2022ರಲ್ಲಿ ಸೇರಿತು. ಪಟ್ಟಿಯಲ್ಲಿದ್ದರೆ ಸಾಲದು. ಶಹಾಪುರದ ಕೂಲಿಯವನಿಗೆ ಅದು ಸರ್ಕಾರಿ ಆಸ್ಪತ್ರೆಯ ಔಷಧ ಕಿಂಡಿಯಲ್ಲಿ ಪ್ಯಾರಾಸಿಟಮಾಲ್ ಸಿಕ್ಕಷ್ಟು ಸಲೀಸಾಗಿ, ಪುಕ್ಕಟೆಯಾಗಿ ಸಿಗಬೇಕು. ಚೀಟಿಗಟ್ಟಲೆ ತಂಬಾಕು ಮೂಲೆಯಂಗಡಿಯಲ್ಲಿ ಸಿಗುವಾಗ ಅದರ ಮದ್ದಿಗೆ ಕಲಬುರಗಿಗೆ ಹೋಗಿ ಎನ್ನುವುದು ನ್ಯಾಯವಲ್ಲ.

ತಂಬಾಕು ಬಿಡಿಸುವ ಮೊದಲ ಸರ್ಕಾರಿ ಕ್ಲಿನಿಕ್‌ಗಳು ದೇಶದಲ್ಲಿ 2002ರಲ್ಲಿ ಹದಿಮೂರು ಕಡೆ ಶುರುವಾದಾಗ ಬೆಂಗಳೂರಿನ ನಿಮ್ಹಾನ್ಸ್, ಕಿದ್ವಾಯಿ ಎರಡೂ ಅದರಲ್ಲಿದ್ದವು. ಈಗ ದಂತ ಕಾಲೇಜುಗಳಲ್ಲೂ ಇಂಥ ಕೇಂದ್ರ ಕಡ್ಡಾಯ. ನಮಗೆ ಹತ್ತಿರದ ದಂತ ಕಾಲೇಜುಗಳಿರುವುದು ಕಲಬುರಗಿ, ರಾಯಚೂರಿನಲ್ಲಿ. ಯಾದಗಿರಿಗೆ 2022ರಲ್ಲಿ ವೈದ್ಯಕೀಯ ಕಾಲೇಜು ಬಂದಿದೆ. ಆ ಕಾಲೇಜಿನ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಕೆನ್ನೆ ಸರಿಸಿ ನೋಡುವುದನ್ನು, ಹೆಸರು ಹಿಡಿದು ಕೇಳುವುದನ್ನು ಕಲಿತರೆ ಹತ್ತು ವರ್ಷದಲ್ಲಿ ಜಿಲ್ಲೆಯ ಚಿತ್ರ ಬೇರೆಯಾಗುತ್ತದೆ.

ದಂತವೈದ್ಯರೊಬ್ಬರಿಗೇ ಹೊರಿಸಿ ಕೂರುವ ಕೆಲಸವೂ ಇದಲ್ಲ. ಮೂವತ್ತು ದಾಟಿದವರ ಮನೆಗೆ ಹೋಗಿ ಆಶಾ ಕಾರ್ಯಕರ್ತೆ ತುಂಬುವ ಫಾರಂನಲ್ಲಿ ಗುಟ್ಕಾ, ಖೈನಿಯ ಪ್ರಶ್ನೆ ಈಗಾಗಲೇ ಇದೆ. ಉತ್ತರ ಬರೆದುಕೊಂಡ ಮೇಲೆ 'ಬಿಡ್ತೀಯೇನಕ್ಕ, ಯಾವಾಗ?' ಎಂಬ ಇನ್ನೊಂದು ಪ್ರಶ್ನೆ ಕೇಳುವ ತರಬೇತಿ ಅವರಿಗೆ ಸಿಗಬೇಕು, ಆ ಹೊತ್ತಿಗೆ ಬೆಲೆಯೂ ಸಿಗಬೇಕು. ಕ್ಷಯದ ಮಾತ್ರೆಗೆ ಆರು ತಿಂಗಳು ಬರುವವರು, ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳು ಬರುವವರು, ಗರ್ಭಿಣಿಯರು, ಇವರೆಲ್ಲ ಮತ್ತೆ ಮತ್ತೆ ಕಣ್ಣಿಗೆ ಬೀಳುವವರು. ಪ್ರತಿ ಸಲವೂ ಒಂದು ಮಾತು ಕೇಳಬಹುದು. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಕೂರುವ ಮನೋಚೈತನ್ಯ ಕಾರ್ಯಕ್ರಮವಿದೆ. ಕುಡಿತ, ಖಿನ್ನತೆ ಜೊತೆಗಿರುವವರನ್ನು ಅಲ್ಲಿಗೆ ಕಳಿಸಬೇಕು. ಮತ್ತು ಆಸ್ಪತ್ರೆಯ ಮೆಟ್ಟಿಲ ಮೂಲೆ ಕೆಂಪಾಗಿರಬಾರದು, ವಾರ್ಡಿನ ಸಿಬ್ಬಂದಿಯ ಕೆನ್ನೆ ಉಬ್ಬಿರಬಾರದು. ಮೊದಲು ಅವರಿಗೇ ಚಿಕಿತ್ಸೆ ಕೊಡಿಸಬೇಕು, ಬೈಗುಳವಲ್ಲ.

ಕೊನೆಗೆ ಉಳಿಯುವುದು ಗುಳೆ. ಸುಗ್ಗಿ ಮುಗಿದರೆ ಸುರಪುರ, ಶಹಾಪುರ, ಯಾದಗಿರಿಯ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡ ಕೆಲಸಕ್ಕೆ ಕುಟುಂಬ ಸಮೇತ ಹೋಗುವವರಿಗೆ 'ಮುಂದಿನ ತಿಂಗಳು ಬನ್ನಿ' ಎಂದರೆ ಅರ್ಥವಿಲ್ಲ. ಹೊಸ ಊರಿನ ದಣಿವಿನಲ್ಲಿ, ಹಸಿವು ಮರೆಸಲು, ತಂಬಾಕು ಮತ್ತೆ ಅಂಗೈಗೆ ಬರುವುದೂ ಅಲ್ಲಿಯೇ. ಇವರಿಗೆ ಫೋನೇ ದಾರಿ. 1800-11-2356 ರಾಷ್ಟ್ರೀಯ ಕ್ವಿಟ್‌ಲೈನ್, ಪುಕ್ಕಟೆ ಕರೆ. ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ. ಬಿಡುವ ದಿನ ಗೊತ್ತು ಮಾಡಿಕೊಂಡವರಿಗೆ ಅವರೇ ತಿರುಗಿ ಕರೆ ಮಾಡುತ್ತಾರೆ. ಈ ಸಂಖ್ಯೆ ಪ್ರತಿ ತಂಬಾಕು ಪೊಟ್ಟಣದ ಮೇಲೂ ಅಚ್ಚಾಗಿದೆ, ಆದರೆ ಓದು ಬರದವನಿಗೆ ಅದು ಬರೀ ಗೆರೆ. ವೈದ್ಯರೋ ನರ್ಸೋ ಅಲ್ಲೇ ಕೂತು, ರೋಗಿಯ ಮೊಬೈಲಿನಲ್ಲೇ ಮೊದಲ ಕರೆ ಹಚ್ಚಿಕೊಟ್ಟು, ಸಂಖ್ಯೆಯನ್ನು ಉಳಿಸಿಕೊಡಬೇಕು. ಗುಳೆ ಹೋಗುವ ಮುಂಚೆ ಕೇಸ್ ಪೇಪರಿನ ಮೇಲೆ ಎರಡು ವಿವರ ಸಾಕು: ಬಿಟ್ಟ ದಿನ, ಮನೆಯವರ ಇನ್ನೊಂದು ಫೋನ್ ನಂಬರು. ಯುಗಾದಿಗೋ ಊರ ಜಾತ್ರೆಗೋ ತಿರುಗಿ ಬಂದಾಗ "ಮತ್ತ ಹಚ್ಚಿಕೊಂಡೀನ್ರಿ" ಎಂದು ತಲೆ ತಗ್ಗಿಸಿ ನಿಂತವರನ್ನು ಗದರಬಾರದು. ಬಿಟ್ಟವರಲ್ಲಿ ಬಹಳಷ್ಟು ಮಂದಿ ಒಂದೇ ಯತ್ನಕ್ಕೆ ಬಿಟ್ಟವರಲ್ಲ. ಎಷ್ಟು ದಿನ ಇದ್ದಿರಿ, ಎಲ್ಲಿ ತಪ್ಪಿತು, ಯಾರ ಜೊತೆ ಇದ್ದಾಗ ಎಂದು ಕೇಳಿ ಬರೆದುಕೊಂಡು, ಕೆನ್ನೆ ಇನ್ನೊಮ್ಮೆ ಸರಿಸಿ ನೋಡಿ, ಹೊಸ ದಿನ ಗೊತ್ತು ಮಾಡಬೇಕು.